ಅಲ್ಲಗಾರರ ಬಾಗಿಲು

ಊಟ ಬಲ್ಲವನಿಗೆ ರೋಗವಿಲ್ಲ, ಜಗಳ ಬಲ್ಲವನಿಗೆ ಊಟದ ನೆನಪಿಲ್ಲ. ಗಾದೆ ಹಾಗಲ್ಲ ಎಂಬ ಮಾತು ಈಗಾಗಲೇ ನಿಮ್ಮ ನಾಲಿಗೆ ತುದಿಗೆ ಬಂದಿರಬೇಕು. ಬಂದಿದ್ದರೆ ನಮ್ಮೂರಲ್ಲಿ ನಿಮಗೆ ಕೂರಲು ಒಂದು ಕಟ್ಟೆಯನ್ನೇ ಕೊಡುತ್ತಿದ್ದರು, ಆದರೆ ಅದು ಒಂಬತ್ತು ತಲೆಮಾರಿನಿಂದ ಒಂದೇ ಮನೆತನದ ಹಿಡಿತದಲ್ಲಿದೆ, ಖಾಲಿ ಬೀಳುವುದಿಲ್ಲ. ಆ ಕಟ್ಟೆಯ ಮೇಲೆ ಕೂತ ಹಿರಿಯರನ್ನು ನಾನು ಊರೆದುರಿಗೆ ಆಟ ಆಡಿಸಿದ ಕಥೆ ಇದು. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಬೆರಕೆ ಹಾಕುವ ಅಗತ್ಯವೇ ಬೀಳದಂಥ ಊರು ನಮ್ಮದು.

ನಮ್ಮ ಚಾವಡಿಯಲ್ಲಿ ಎರಡು ಕಲ್ಲುಕಟ್ಟೆಗಳು ಎದುರುಬದುರಾಗಿವೆ. ಒಂದು ಹೌದುಗಟ್ಟೆ, ಇನ್ನೊಂದು ಅಲ್ಲಗಟ್ಟೆ. ಊರಿನಲ್ಲಿ ಯಾವ ಕೆಲಸ ಆಗಬೇಕಾದರೂ ಯಾರಾದರೊಬ್ಬರು ಹೌದುಗಟ್ಟೆ ಹತ್ತಿ ಅದನ್ನು ಹೇಳಬೇಕು. ಎದುರಿನ ಕಟ್ಟೆಯಿಂದ ಅಲ್ಲಗಾರರು ಅದನ್ನು ಅಲ್ಲಗಳೆಯಬೇಕು. ಆಮೇಲೆ ಜನ ಎದ್ದು ತಮಗೆ ಸರಿ ಕಂಡ ಕಟ್ಟೆಯ ಹಿಂದೆ ಹೋಗಿ ನಿಲ್ಲುತ್ತಾರೆ, ಹೆಚ್ಚು ಜನ ನಿಂತ ಕಡೆಯ ಮಾತು ಊರಿನ ಮಾತು. ಅಲ್ಲಗಾರರು ಅಲ್ಲ ಎನ್ನದೆ ಸುಮ್ಮನಿದ್ದುಬಿಟ್ಟರೆ ವಿಷಯ ಅಲ್ಲಿಗೇ ಬಿತ್ತು, ಮತ್ತೆ ಒಂದು ವರ್ಷ ಅದನ್ನು ಎತ್ತುವಂತಿಲ್ಲ. ಇನ್ನು ಅಲ್ಲಗಾರರೇನಾದರೂ ಕಟ್ಟೆಯ ಮೇಲಿಂದ ಹೌದು ಎಂದರೋ, ಕಟ್ಟೆ ಆ ಮನೆತನದ ಕೈಬಿಟ್ಟಂತೆ.

ಮದುವೆಗೂ ಇದೇ ಪದ್ಧತಿ. ಹುಡುಗ ಹುಡುಗಿ ಒಪ್ಪಿದ ಮೇಲೆ ಅಲ್ಲಗಾರರನ್ನು ಕರೆದು ಪೀಠ ಹಾಕಿ ಕೂರಿಸುತ್ತಾರೆ. ಈ ಹುಡುಗನ ಮೂಗು ಸರಿಯಿಲ್ಲ, ಇವನಪ್ಪ ಸಾರಿಗೆ ಉಪ್ಪು ಜಾಸ್ತಿ ಹಾಕಿಸಿಕೊಳ್ಳುತ್ತಾನೆ, ಈ ಸಂಬಂಧ ಕೂಡದು ಎಂದು ಅವರು ಅರ್ಧ ಗಂಟೆ ವಾದಿಸಬೇಕು. ಕಾಲು ಗಂಟೆಗೇ ಮುಗಿಸಿದರೆ ಬೀಗರಿಗೆ ಬೇಸರ. ನನ್ನ ನಾಮಕರಣದಲ್ಲಿ, ಈ ಕೂಸಿಗೆ ಗವಿರಂಗ ಅಂತ ಹೆಸರಿಟ್ಟರೆ ಗವಿಯ ಹಾಗೇ ಆಗುತ್ತಾನೆ, ಯಾರು ಏನು ಕೂಗಿದರೂ ತಿರುಗಿಸಿ ಕೂಗುತ್ತಾನೆ ಎಂದು ಅಲ್ಲಗಳೆದಿದ್ದರಂತೆ. ಅವರ ಬಾಯಿಂದ ಬಂದ ಮಾತುಗಳಲ್ಲಿ ನನಗೆ ಗೊತ್ತಿರುವ ಹಾಗೆ ನಿಜವಾದದ್ದು ಅದೊಂದೇ. ನಾನು ಬೆಳೆದು, ಬಿ.ಎ. ಮಾಡಿ, ಊರಿಗೆ ವಾಪಸು ಬಂದು, ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುದ್ದಿ ಸಾರುವವನಾದೆ. ಬರೀ ಸುದ್ದಿ ಹೇಳಿದರೆ ಯಾರು ಕೇಳುತ್ತಾರೆ? ಯಾರ ಸುದ್ದಿಯೋ ಅವರ ಧ್ವನಿಯಲ್ಲೇ ಹೇಳುತ್ತಿದ್ದೆ.

ಆಗಿನ ಅಲ್ಲಗಾರರು ಬಿಳಿಗಿರಯ್ಯನವರು. ಕೆರೆಯಂಚಿನ ಕೆಳಬೀದಿಯಲ್ಲಿ ಬಲೆ ಹೆಣೆಯುವ ನಲವತ್ತು ಮನೆಗಳಿದ್ದವು, ಅವಕ್ಕೆಲ್ಲ ಇವರೇ ಹಿರಿಯರು. ಮಾತಿಗೆ ಮೊದಲು ಎರಡು ಕೆಮ್ಮು, ಕೋಲಿನಿಂದ ನೆಲಕ್ಕೆ ಒಂದು ಕುಟ್ಟು, ಆಮೇಲೆ, “ಅಲ್ಲ ಸ್ವಾಮಿ, ನಾನು ಕೇಳೋದು ಒಂದೇ ಮಾತು” ಎಂದು ಶುರುಮಾಡಿ ಏಳು ಮಾತು ಕೇಳುವುದು ಅವರ ಕ್ರಮ. ಆ ಕೆಮ್ಮು, ಆ ಕುಟ್ಟು, ಮೂರನೆಯ ಪ್ರಶ್ನೆಯ ಹೊತ್ತಿಗೆ ಮೂಗಿನಿಂದ ಹೊರಡುವ ಆ ಗಾಳಿ, ಎಲ್ಲವೂ ನನಗೆ ಕರತಲಾಮಲಕ. ನಾನು ಕಲಿಯಲಾಗದೆ ಉಳಿದದ್ದು ಅವರ ನಗು ಒಂದನ್ನೇ. ಅದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ಇನ್ನು ಕೆರೆಯ ವಿಷಯ. ನಮ್ಮಜ್ಜನ ಕಾಲಕ್ಕೆ ಕೆಳಬೀದಿಯಿಂದ ನೀರಿಗೆ ಅರವತ್ತು ಮೆಟ್ಟಿಲಿದ್ದವಂತೆ. ನಾನು ಚಡ್ಡಿ ಹಾಕುವ ಹೊತ್ತಿಗೆ ಮೂವತ್ತೆಂಟು. ಆಮೇಲೆ ಮಳೆ ನಕ್ಷತ್ರಗಳು ವಿಳಾಸ ಮರೆತವರಂತೆ ಅಲೆಯತೊಡಗಿದವು. ರೋಹಿಣಿಯಲ್ಲಿ ಹೆಂಚು ಕಾಯುವ ಬಿಸಿಲು, ಸ್ವಾತಿ ಕಳೆದ ಮೇಲೆ ಜಡಿ. ತಿಂಗಳಿಡೀ ಬೀಳಬೇಕಾದ ಮಳೆ ಒಂದೇ ಹಗಲಿಗೆ ಬಿದ್ದು ಹೋಗುತ್ತಿತ್ತು. ಮಾಘದಲ್ಲಿ ಕಂಬಳಿ ಹೊದೆಯುತ್ತಿದ್ದ ಮುದುಕರು ಬೀಸಣಿಗೆ ಕೇಳಿದರು. ಕೆರೆ ವರ್ಷಕ್ಕೊಂದು, ಒಂದೊಂದು ವರ್ಷ ಎರಡು, ಹೀಗೆ ಮೆಟ್ಟಿಲು ನುಂಗುತ್ತ ಬಂತು. ಈ ಕಥೆ ನಡೆದ ವರ್ಷದ ಯುಗಾದಿಗೆ ಉಳಿದಿದ್ದದ್ದು ನಾಲ್ಕು.

ನನಗೆ ಅಕ್ಷರ ಕಲಿಸಿದ ಪಂಕಜಾಕ್ಷಿ ಟೀಚರ್ ಪ್ರತಿ ಯುಗಾದಿಗೂ ಮೆಟ್ಟಿಲೆಣಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಐದು ವರ್ಷ ಬಿಡದೆ ಹೌದುಗಟ್ಟೆ ಹತ್ತಿ, ಕೆರೆ ಏರುತ್ತಿದೆ, ಕೆಳಬೀದಿಯವರು ದಿಬ್ಬಕ್ಕೆ ಹೋಗಬೇಕು ಎಂದು ಅಂಕಿಸಂಖ್ಯೆಯೊಡನೆ ಹೇಳಿದರು. ಐದು ವರ್ಷವೂ ಬಿಳಿಗಿರಯ್ಯನವರು ಎರಡು ಕೆಮ್ಮು ಕೆಮ್ಮಿ ಅವರನ್ನು ಕೆಳಗಿಳಿಸಿದರು. ನೀರು ಏರಿಲ್ಲ, ಮೆಟ್ಟಿಲು ಕುಸಿದಿವೆ ಎಂದರು ಒಂದು ವರ್ಷ. ಕೆರೆ ಹಿಂದೆಯೂ ಏರಿದೆ, ಹಿಂದೆಯೂ ಇಳಿದಿದೆ, ನಿಮ್ಮ ಪುಸ್ತಕ ಹುಟ್ಟುವ ಮೊದಲೂ ಕೆರೆಯಿತ್ತು ಎಂದರು ಇನ್ನೊಂದು ವರ್ಷ. ಮೂರನೆಯ ವರ್ಷ, ಇವತ್ತು ಬೆಳಿಗ್ಗೆ ಬಿಸಿಲಿಗೆ ನನ್ನ ಅಂಗಳ ಬಿರುಕುಬಿಟ್ಟಿದೆ, ಮುಳುಗುವ ಮನೆಯ ಅಂಗಳ ಹೀಗಿರುತ್ತದೆಯೇ ಎಂದರು. ನಾಲ್ಕನೆಯ ವರ್ಷ, ಟೀಚರ ಮನೆ ಮೇಲ್ಬೀದಿಯಲ್ಲಿದೆ, ಒದ್ದೆಯಾಗದ ಕಾಲಿಗೆ ನೀರಿನ ಚಿಂತೆ ಯಾಕೆ ಎಂದರು. ಐದನೆಯ ವರ್ಷ, ಅನ್ನ ಹಾಕಿದ ತಾಯಿ ಮನೆ ಬಾಗಿಲಿಗೆ ಬಂದರೆ ಮಕ್ಕಳು ಓಡಿಹೋಗುತ್ತಾರೆಯೇ ಎಂದು ಕೇಳಿದರು. ಆ ಸಲ ಕೆಳಬೀದಿಯ ಹೆಂಗಸರು ಕಣ್ಣೊರೆಸಿಕೊಂಡರು. ನಲವತ್ತು ಮನೆಯವರೂ ಅವರ ಹಿಂದೆ. ಉಳಿದ ಊರು ಯಾರ ಮಾತಿಗೆ ಹೆಚ್ಚು ನಗು ಬಂತೋ ಅವರ ಹಿಂದೆ. ಟೀಚರ ಹಿಂದೆ ನಾನು ಮತ್ತು ಪಂಚಾಯ್ತಿ ಲೈಬ್ರರಿಯವರು.

ವಿಚಿತ್ರವೆಂದರೆ, ಟೀಚರು ಒಂದೊಂದು ಅಂಕಿ ಹೆಚ್ಚಿಗೆ ಹೇಳಿದಾಗಲೂ ಕೆಳಬೀದಿ ಒಂದೊಂದು ಗಂಟು ಹೆಚ್ಚು ಬಿಗಿಯುತ್ತಿತ್ತು. ನನ್ನ ಅಕ್ಕ ಚೆಲುವಾಂಬೆಯನ್ನು ಆ ಬೀದಿಗೇ ಕೊಟ್ಟಿದ್ದೇವೆ. ಅಕ್ಕನ ಅತ್ತೆಗೆ ಸೊಂಟ ಬಿದ್ದು ಮೂರು ವರ್ಷ, ಮಂಚ ಬಿಟ್ಟು ಏಳುವಂತಿಲ್ಲ. ನೀರು ಒಂದೇ ಸಲಕ್ಕೆ ನುಗ್ಗಿದರೆ ಮಕ್ಕಳನ್ನು ಎತ್ತಿಕೊಳ್ಳುವುದೋ, ಅತ್ತೆಯನ್ನು ಎತ್ತಿಕೊಳ್ಳುವುದೋ ಎಂಬುದು ಅಕ್ಕನ ಚಿಂತೆ. ಭಾವ ಮಾತ್ರ, ಬಿಳಿಗಿರಯ್ಯನವರು ಎದ್ದರೆ ನಾವೂ ಏಳುತ್ತೇವೆ ಎಂದು ಬಲೆಯ ಕಣ್ಣಿನಲ್ಲಿ ಕಣ್ಣಿಟ್ಟು ಕೂರುತ್ತಿದ್ದ.

“ನೀನು ಬಿ.ಎ. ಓದಿದ್ದು ಬರೀ ಮಂಗನಾಟಕ್ಕೇನೋ? ಆರಿದ್ರೆ ಮಳೆಗೆ ಇನ್ನು ತಿಂಗಳೂ ಇಲ್ಲ ಕಣೋ” ಎಂದಳು ಅಕ್ಕ.

ನಾನು ಓದಿದ್ದು ಸಮಾಜಶಾಸ್ತ್ರ. ಅದರಲ್ಲಿ ಕಲಿತ ಕೆಲಸ ಒಂದೇ, ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು. ಹಾಗೇ ಒಂದು ನೋಟುಬುಕ್ಕು ಹಿಡಿದು ಹೊರಟೆ. ಪ್ರಶ್ನೆಯೂ ಒಂದೇ. ಕೆರೆ ಏರುತ್ತಿದೆಯೇ? ಒಬ್ಬರು, ನಾವು ಬಿಳಿಗಿರಯ್ಯನವರ ಕಡೆಯವರು ಎಂದರು. ಇನ್ನೊಬ್ಬರು, ಟೀಚರು ಮಕ್ಕಳಿಗೆ ಹೇಳುವ ಧಾಟಿಯಲ್ಲೇ ನಮಗೂ ಹೇಳುತ್ತಾರೆ, ಅದೇ ಸೇರುವುದಿಲ್ಲ ಎಂದರು. ಹೆಚ್ಚಿನವರು ದಿಬ್ಬದ ಮಾತಾಡಿದರು. ದಿಬ್ಬದ ಮೇಲೆ ಮಡಕೆ ಸುಡುವವರಿದ್ದಾರೆ, ಕೆಳಬೀದಿ ಮೂರು ತಲೆಮಾರಿನಿಂದ ಅವರನ್ನು ಹೊಗೆಯವರು ಎಂದು ಆಡಿಕೊಂಡು ಬಂದಿದೆ. ಈಗ ಆ ಹೊಗೆಯವರ ಹಿತ್ತಲಲ್ಲಿ ಜಾಗ ಕೊಡಿ ಅಂತ ನಿಲ್ಲಬೇಕಾ ಎಂಬುದು ಅವರ ಪ್ರಶ್ನೆ. ನಲವತ್ತು ಮನೆಯಲ್ಲಿ ನೀರಿನ ಬಗ್ಗೆ ಕೇಳಿದೆ, ಒಬ್ಬರೂ ನೀರಿನ ಬಗ್ಗೆ ಉತ್ತರ ಹೇಳಲಿಲ್ಲ.

ಆದರೆ ನಲವತ್ತೂ ಮನೆಯಲ್ಲಿ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇದ್ದವು. ಕೆಲವು ಕಡೆ ಎರಡೆರಡು, ಅಕ್ಕನ ಮನೆಯಲ್ಲಿ ನಾಲ್ಕು ನಾಲ್ಕು. ಅಕ್ಕಿ ಡಬ್ಬ ಅಟ್ಟ ಹತ್ತಿತ್ತು. ಯಾಕೆ ಎಂದರೆ ಎಲ್ಲರ ಬಾಯಲ್ಲೂ ಒಂದೇ ಕಾರಣ, ಇಲಿ ಕಾಟ.

ಕಡೆಯ ಮನೆ ಬಿಳಿಗಿರಯ್ಯನವರದು. ಅವರಿರಲಿಲ್ಲ. ಹೆಂಡತಿ ಸಾಕಮ್ಮಣ್ಣಿಯವರು ನನ್ನ ಪ್ರಶ್ನೆ ಕೇಳಿಸಿಕೊಂಡು ಮಜ್ಜಿಗೆ ಕೊಟ್ಟರು. ಹೊರಡುವಾಗ ಹೊರಗೆ ತುಂತುರು ಶುರುವಾಗಿತ್ತು. ಬಾಗಿಲ ಹಿಂದೆ ಛತ್ರಿ ಇದೆ, ತೆಗೆದುಕೊಂಡು ಹೋಗು ಎಂದರು. ನಾನು ಬಾಗಿಲನ್ನು ಎಳೆದು ಹಿಂದೆ ನೋಡಿದೆ. ಛತ್ರಿ ಇರಲಿಲ್ಲ. ಹಲಸಿನ ಹಲಗೆಯ ಮೇಲೆ ಉಳಿಯಿಂದ ಕೊರೆದ ಗೀರುಗಳು ಸಾಲು ಸಾಲಾಗಿದ್ದವು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಎಣಿಸಿದರೆ ಮೂವತ್ತೆಂಟು. ಅದರ ಕೆಳಗೆ ಮೂವತ್ತೇಳು. ಹೀಗೆ ಕೆಳಕೆಳಗೆ ಬಂದಂತೆ ಸಾಲು ಗಿಡ್ಡವಾಗುತ್ತ ಹಲ್ಲುದುರಿದ ಬಾಚಣಿಗೆಯಂತೆ ಇಪ್ಪತ್ತೆರಡು ಸಾಲು. ಕೊನೆಯದರಲ್ಲಿ ನಾಲ್ಕೇ ಗೀರು, ಅವುಗಳ ಬಣ್ಣ ಇನ್ನೂ ಮಾಸಿರಲಿಲ್ಲ.

ನಾನು ತಿರುಗಿ ನೋಡಿದೆ. ಸಾಕಮ್ಮಣ್ಣಿಯವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. “ಗೆದ್ದಲು ಕಣಪ್ಪ. ಯುಗಾದಿ ಬಂತು ಅಂದ್ರೆ ಬರುತ್ತೆ” ಎಂದರು, ತಲೆಯೆತ್ತದೆ. ಛತ್ರಿ ಅವರ ತಲೆಯ ಮೇಲೇ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಮುಪ್ಪಿಗೆ ಮರೆವು ಎಂದುಕೊಂಡು ಅದನ್ನು ತೆಗೆದುಕೊಂಡು ಬಂದೆ.

ದಾರಿಯುದ್ದಕ್ಕೂ ಛತ್ರಿ ಬಿಚ್ಚುವುದೇ ಮರೆತಿತ್ತು. ಊರಿನಲ್ಲಿ ಕೆರೆಯನ್ನು ಟೀಚರಷ್ಟೇ ಚೆನ್ನಾಗಿ ಬಲ್ಲವರು ಇನ್ನೊಬ್ಬರಿದ್ದರು, ಅವರೇ ಅಲ್ಲಗಾರರು. ಹಾಗಾದರೆ ಅವರಿಗೆ ಬೇಕಾಗಿದ್ದದ್ದು ಅಂಕಿಯಲ್ಲ. ಹೌದು ಎನ್ನದೆ ಹೌದು ಎನ್ನುವ ಒಂದು ದಾರಿ.

ಮರುದಿನ ಟೀಚರ ಮನೆಗೆ ಹೋಗಿ, ಈ ವರ್ಷ ಕೆರೆಯ ವಿಷಯ ನಾನು ಎತ್ತುತ್ತೇನೆ ಎಂದೆ. ಅವರಿಗೂ ಐದು ವರ್ಷದ ದಣಿವಿತ್ತು. ಪುಸ್ತಕ ಬೇಕೇ ಎಂದು ಕೇಳಿದರು. ಬೇಡ, ನೀವೇ ತನ್ನಿ ಎಂದೆ. ಮಿಕ್ಕದ್ದನ್ನು ಹೇಳಲಿಲ್ಲ, ಹೇಳಿದ್ದರೆ ಬೆತ್ತ ಹುಡುಕುತ್ತಿದ್ದರು.

ಚಾವಡಿ ಕೂಡಿದ ದಿನ ಹೌದುಗಟ್ಟೆಯ ಮೇಲೆ ನನ್ನನ್ನು ನೋಡಿ ಜನ ಆಗಲೇ ಹಲ್ಲು ಬಿಟ್ಟರು. ನಾನು ಎರಡು ಸಲ ಕೆಮ್ಮಿದೆ. ಎರವಲು ತಂದ ಕೋಲಿನಿಂದ ನೆಲ ಕುಟ್ಟಿದೆ. ಬಿಳಿಗಿರಯ್ಯನವರ ಕಂಠದಲ್ಲಿ, ಬಿಳಿಗಿರಯ್ಯನವರ ಮೂಗಿನಲ್ಲಿ, ಕೆರೆ ಏರುತ್ತಿಲ್ಲ, ಕೆಳಬೀದಿಯವರು ಇದ್ದಲ್ಲೇ ಇರಬೇಕು, ಇದೇ ನನ್ನ ಸೂಚನೆ ಎಂದೆ. ಮೆಟ್ಟಿಲು ಕುಸಿದದ್ದರಿಂದ ಹಿಡಿದು ಬಿರುಕುಬಿಟ್ಟ ಅಂಗಳದವರೆಗೆ, ಬಾಗಿಲಿಗೆ ಬಂದ ತಾಯಿಯವರೆಗೆ ಅವರ ಐದು ವರ್ಷದ ವಾದವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಮೇಲ್ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಬೀದಿಯವರು ನಗಲಿಲ್ಲ. ಭಾವ ನನ್ನನ್ನು ನೋಡಿದ ನೋಟಕ್ಕೆ ಮೀನು ಸುಟ್ಟುಹೋಗಬೇಕಿತ್ತು. ಟೀಚರ್ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಚಾವಡಿಯ ಯಜಮಾನರು ಅಲ್ಲಗಟ್ಟೆಯ ಕಡೆ ತಿರುಗಿ, “ಅಲ್ಲಗಾರರು ಏನಂತೀರಿ?” ಎಂದು ಕೇಳಿದರು.

ಬಿಳಿಗಿರಯ್ಯನವರು ಏನೂ ಅನ್ನಲಿಲ್ಲ. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಗು ಒಂದೊಂದಾಗಿ ಆರಿತು. ಆಗ ನನಗೆ ಚಾವಡಿಯ ಕಟ್ಟಳೆ ನೆನಪಾಯಿತು. ಅವಮಾನಕ್ಕೆ ಅವರು ಬಾಯೇ ಬಿಡದೆ ಎದ್ದುಹೋದರೆ? ವಿಷಯ ಬಿತ್ತು. ಇನ್ನೊಂದು ವರ್ಷ ಕೆರೆಯ ಹೆಸರೆತ್ತುವಂತಿಲ್ಲ, ಮೆಟ್ಟಿಲು ನಾಲ್ಕೇ ಇವೆ, ಆರಿದ್ರೆ ಹತ್ತಿರ ಬಂತು. ಜನರ ನಡುವೆ ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ನನ್ನ ಚೇಷ್ಟೆ ಅವಳ ಅತ್ತೆಯ ಮಂಚದ ಮೇಲೆ ಬಂದು ಕೂತಿತ್ತು.

ಆಗ ಒಂದು ಕೆಮ್ಮು ಕೇಳಿತು. ಬಹಳ ಹೊತ್ತಾದ ಮೇಲೆ ಎರಡನೆಯದು.

“ಅಲ್ಲ ಸ್ವಾಮಿ” ಎಂದರು ಬಿಳಿಗಿರಯ್ಯನವರು. “ನಾನು ಕೇಳೋದು ಒಂದೇ ಮಾತು. ಗವಿರಂಗ, ನೀನು ಈಜು ಕಲ್ತಿದ್ದು ಎಷ್ಟನೇ ಮೆಟ್ಲಲ್ಲಿ?”

ಮೂವತ್ತನೆಯದು ಎಂದೆ, ಈಗ ನನ್ನ ಧ್ವನಿಯಲ್ಲೇ.

“ಹೋಗಿ ಅದರ ಮೇಲೆ ನಿಂತು ಬಾ. ಕಾಯ್ತೀವಿ.”

ಯಾರೋ ಕಿಸಕ್ಕೆಂದರು. ಬಿಳಿಗಿರಯ್ಯನವರು ನನ್ನನ್ನು ಬಿಟ್ಟು ತಮ್ಮ ಬೀದಿಯವರ ಕಡೆ ತಿರುಗಿದರು. ಬಲೆ ಒಣಹಾಕುತ್ತಿದ್ದ ಕಲ್ಲುಹಾಸು ಎಲ್ಲಿ ಹೋಯಿತು, ಈಗ ಜಗಲಿಯ ಮೇಲೆ ಯಾಕೆ ಒಣಗಿಸುತ್ತೀರಿ ಎಂದು ನನ್ನ ಭಾವನನ್ನು ಕೇಳಿದರು. ಆಮೇಲೆ ಅಕ್ಕನ ಸರದಿ.

“ಚೆಲುವವ್ವ, ನಿಮ್ಮತ್ತೆ ಮಂಚದ ಕೆಳಗೆ ಎಷ್ಟು ಇಟ್ಟಿಗೆ ಇಟ್ಟಿದ್ದೀಯವ್ವ?”

“ನಾಲ್ಕು.”

“ಯಾತಕ್ಕೆ?”

“ಇಲಿಗೆ.”

“ನಮ್ಮನೇಲಿ ಐದು. ನಲವತ್ತು ವರ್ಷದಿಂದ ಇಲಿ ನೋಡಿದ್ದೀನಿ. ಮಂಚ ಹತ್ತೋ ಇಲಿಗೆ ಒಂದು ಇಟ್ಟಿಗೇನೂ ಒಂದೇ, ಐದು ಇಟ್ಟಿಗೇನೂ ಒಂದೇ. ಒಂದೊಂದು ಇಟ್ಟಿಗೆ ಲೆಕ್ಕ ಇಟ್ಕೊಂಡು ಹತ್ತೋದು ಯಾವ ಪ್ರಾಣಿ ಅಂತ ಈ ಗವಿರಂಗನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿಲ್ವಾ?”

ಬಿಳಿಗಿರಯ್ಯನವರು ನಾಲ್ಕು ಜನ ಗಂಡಸರನ್ನು ಮನೆಗೆ ಕಳಿಸಿ ಬಾಗಿಲನ್ನೇ ಕಳಚಿ ತರಿಸಿದರು. ಅದನ್ನು ಅಲ್ಲಗಟ್ಟೆಗೆ ಒರಗಿಸಿ, ಗೀರುಗಳ ಮೈ ಜನರ ಕಡೆ ತಿರುಗಿಸಿ, ಟೀಚರಮ್ಮ, ನಿಮ್ಮ ಪುಸ್ತಕ ಓದಿ ಎಂದರು. ಟೀಚರು ವರ್ಷ ವರ್ಷದ ಅಂಕಿ ಓದಿದರು, ಇವರು ಕೋಲಿನ ತುದಿಯಿಂದ ಸಾಲು ಸಾಲಿನ ಗೀರು ಎಣಿಸಿದರು. ಇಪ್ಪತ್ತೆರಡರಲ್ಲಿ ಎರಡೇ ಕಡೆ ತಾಳೆಯಾಗಲಿಲ್ಲ. ಆ ಎರಡು ಯುಗಾದಿಗೆ ಬಾಣಂತನಕ್ಕೆಂದು ತವರಿಗೆ ಹೋಗಿದ್ದೆ, ಇನ್ನೊಬ್ಬರಿಂದ ಎಣಿಸಿದ್ದೆ ಎಂದು ಟೀಚರೇ ತಪ್ಪೊಪ್ಪಿಕೊಂಡರು. ಬಿಳಿಗಿರಯ್ಯನವರು ಕಡೆಯ ಸಾಲಿನ ನಾಲ್ಕು ಗೀರಿನ ಮೇಲೆ ಕೋಲೂರಿ ನಿಂತರು.

“ಕೆರೆ ಏರ್ತಿಲ್ಲ, ಕೆಳಬೀದಿಯೋರು ಇದ್ದಲ್ಲೇ ಇರಬೇಕು ಅಂತಾನೆ ಈ ಓದಿದ ಹುಡುಗ. ಅಲ್ಲ. ತಾಯಿ ಮನೆಗೆ ಬರ್ತಾಳೆ ಅಂದ್ರೆ ಮಕ್ಕಳು ಎದ್ದು ಜಾಗ ಬಿಡಬೇಕು. ಅದು ಓಡಿಹೋಗೋದಲ್ಲ, ಮರ್ಯಾದೆ. ದಿಬ್ಬದೋರನ್ನ ನಾನೇ ಹೋಗಿ ಕೇಳ್ತೀನಿ. ನೀವು ನನ್ನ ಹಿಂದೆ ನಿಂತ್ಕೊಳ್ಳಿ, ಸಾಕು.”

ಜನ ಎದ್ದರು. ಕೆಳಬೀದಿಯ ನಲವತ್ತು ಮನೆಯವರೂ ಐದು ವರ್ಷದಿಂದ ನಿಲ್ಲುತ್ತಿದ್ದಲ್ಲೇ, ಅಲ್ಲಗಟ್ಟೆಯ ಹಿಂದೆ, ತಮ್ಮ ಬಿಳಿಗಿರಯ್ಯನವರ ಹಿಂದೆ ಹೋಗಿ ನಿಂತರು. ಒಬ್ಬರೂ ಕಟ್ಟೆ ಬದಲಿಸಬೇಕಾಗಲಿಲ್ಲ. ಬದಲಿಸಿದವರು ಟೀಚರು ಮತ್ತು ಲೈಬ್ರರಿಯವರು, ಇಬ್ಬರೂ ಜೀವಮಾನದಲ್ಲಿ ಮೊದಲ ಸಲ ಅಲ್ಲಗಟ್ಟೆಯ ಹಿಂದೆ ನಿಂತು ಕಕ್ಕಾಬಿಕ್ಕಿಯಾಗಿದ್ದರು. ಹೌದುಗಟ್ಟೆಯ ಹಿಂದೆ ಉಳಿದವನು ನಾನೊಬ್ಬನೇ. ಅಷ್ಟು ಹೀನಾಯವಾಗಿ ಸೋತವರು ಚಾವಡಿಯ ಇತಿಹಾಸದಲ್ಲೇ ಇಲ್ಲವಂತೆ. ನಾನು ಅಲ್ಲೇ ಕೂತು, ಅಕ್ಕನ ಕಡೆ ನೋಡಿ ಹಲ್ಲು ಬಿಟ್ಟೆ.

ಸೋತವರು ಗೆದ್ದವರ ಹೊರೆ ಹೊರಬೇಕು ಎಂಬುದು ನಮ್ಮಲ್ಲಿ ಕಟ್ಟಳೆ. ಹದಿನೈದು ದಿನ ನಲವತ್ತು ಮನೆಯ ಸಾಮಾನು ಹೊತ್ತೆ. ಮಡಕೆಯವರು ಮೊದಲ ದಿನ ಮುಖ ಗಂಟಿಕ್ಕಿಕೊಂಡು ನೋಡಿದರು. ಎರಡನೆಯ ದಿನ, ಹೊಗೆ ಕಣ್ಣಿಗೆ ಬಡಿದರೆ ಹೇಳಿ, ಮಡಕೆ ಸುಡುವ ಆವಿಗೆಯ ದಿಕ್ಕು ಬದಲಿಸುತ್ತೇವೆ ಎಂದು ಚುಚ್ಚಿದರು. ಮೂರನೆಯ ದಿನ ತಾವೂ ಕಂಬ ಹಿಡಿದು ಗುಡಿಸಲು ಎತ್ತಿಸಿದರು. ಅಕ್ಕನ ಅತ್ತೆಯನ್ನು ಮಂಚದ ಸಮೇತ ಎಂಟು ಜನ ಹೊತ್ತುಕೊಂಡು ಹೋದೆವು. ದಾರಿಯುದ್ದಕ್ಕೂ ಮುದುಕಿ ರಾಣಿಯ ಹಾಗೆ ಎಡಕ್ಕೆ ಬಲಕ್ಕೆ ಕೈಮುಗಿಯುತ್ತಿದ್ದಳು.

ಆರಿದ್ರೆ ನಾಲ್ಕು ದಿನ ಮೊದಲೇ ಬಂತು. ಒಂದು ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮೆಟ್ಟಿಲು ಮುಗಿಸಿ, ಜಗಲಿ ದಾಟಿ, ಕಿಟಕಿಯ ಸರಳು ಮುಟ್ಟಿತು. ನಾವೆಲ್ಲ ಮಡಕೆಯವರ ದೊಡ್ಡ ಚಪ್ಪರದ ಕೆಳಗೆ ನಿಂತು ನೋಡಿದೆವು. ಅಕ್ಕ ಮಕ್ಕಳ ತಲೆಗಳನ್ನು ಎರಡೆರಡು ಸಲ ಮುಟ್ಟಿ ಎಣಿಸಿದಳು. ಕೆಳಬೀದಿಯಲ್ಲಿ ಕಪ್ಪೆಗಳ ಹೊರತು ಯಾರೂ ಇರಲಿಲ್ಲ. ಯಾರೋ ಬಿಸಿ ಬಿಸಿ ಹುರುಳಿಕಾಳಿನ ಉಸಲಿ ಹಂಚಿದರು.

ನಾನು ಬಿಳಿಗಿರಯ್ಯನವರ ಬಳಿ ಹೋಗಿ ಕ್ಷಮಿಸಬೇಕು ಎಂದೆ. ನಿಮ್ಮನ್ನು ಅಣಕಿಸಿದ್ದು ತಪ್ಪು, ಬೇರೆ ದಾರಿ ತೋಚಲಿಲ್ಲ, ಬಾಗಿಲ ಹಿಂದೆ ನೋಡಿಬಿಟ್ಟಿದ್ದೆ ಎಂದೆ.

“ನಾನು ಅವತ್ತು ಹೌದು ಅಂದಿದ್ರೆ ಎಷ್ಟು ಜನ ಎದ್ದು ಬರ್ತಿದ್ರು ಹೇಳು. ನಾನು, ಇವಳು. ಮಿಕ್ಕೋರು ಇನ್ನೊಬ್ಬ ಅಲ್ಲಗಾರನ್ನ ಹುಡುಕ್ಕೊಂಡು ಅಲ್ಲೇ ಕೂತಿರೋರು” ಎಂದರು. “ಐದು ವರ್ಷ ಆ ಟೀಚರಮ್ಮನ್ನ ಸೋಲಿಸಿ ಮನೆಗೆ ಬಂದ್ರೆ ಗಂಟಲಲ್ಲಿ ಅನ್ನ ಇಳೀತಿರಲಿಲ್ಲ ಕಣಯ್ಯ. ಯಾರಾದರೂ ಬಂದು ಉಲ್ಟಾ ಹೇಳಲಿ, ಉಲ್ಟಾ ಹೇಳಲಿ ಅಂತ ಕಾಯ್ತಿದ್ದೆ. ಈ ಊರಲ್ಲಿ ಎಲ್ಲರೂ ಬುದ್ಧಿವಂತರು, ಸರಿಯಾದದ್ದನ್ನೇ ಹೇಳೋರು.”

ಸಾಕಮ್ಮಣ್ಣಿಯವರು ಹಿಂದೆ ಗಂಟು ಬಿಚ್ಚುತ್ತಿದ್ದರು. ಅವರ ಮನೆಯ ಸಾಮಾನು ಹೊರಲು ಹೋದ ದಿನ ಎಲ್ಲವೂ ಆಗಲೇ ಕಟ್ಟಿಟ್ಟು ತಯಾರಾಗಿದ್ದದ್ದು, ಹಗ್ಗದ ಮೇಲೆ ಒಂದಂಗುಲ ಧೂಳು ಕೂತಿದ್ದದ್ದು ನನಗೆ ಆಗ ನೆನಪಾಯಿತು. ಅವರು ತಲೆಯೆತ್ತದೆ, “ಛತ್ರಿ ವಾಪಸು ಕೊಡಲೇ ಇಲ್ವಲ್ಲಪ್ಪ” ಎಂದರು.

ಆಡಿಸಿದವನು ನಾನು ಎಂದು ಇಷ್ಟು ದಿನ ಅಂದುಕೊಂಡಿದ್ದೆ.

“ಎಲ್ಲಿ, ಅವತ್ತು ಕಟ್ಟೆ ಮೇಲೆ ಮಾಡಿದ್ದನ್ನ ಇನ್ನೊಂದ್ಸಲ ಮಾಡು” ಎಂದರು ಬಿಳಿಗಿರಯ್ಯನವರು. “ಅವತ್ತು ಸಿಟ್ಟಲ್ಲಿ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ.”

ಒಲ್ಲೆನೆಂದರೂ ಕೋಲನ್ನು ನನ್ನ ಕೈಗೇ ಕೊಟ್ಟರು. ನಾನು ಎರಡು ಸಲ ಕೆಮ್ಮಿದೆ, ನೆಲ ಕುಟ್ಟಿದೆ, ಮೂಗಿನಿಂದ ಗಾಳಿ ಬಿಟ್ಟೆ. ಎದುರಿಗೆ ಕಿಟಕಿವರೆಗೆ ಮುಳುಗಿದ ಬೀದಿಗೆ ಕೈತೋರಿಸಿ, ಅಲ್ಲ ಸ್ವಾಮಿ, ನಾನು ಕೇಳೋದು ಒಂದೇ ಮಾತು, ಎಲ್ಲಿದೆ ನೀರು ಎಂದೆ. ಅಷ್ಟರಲ್ಲಿ ನೆಲಕ್ಕೆ ತಾಗಿಸಿದ್ದ ಮಂಚದ ಮೇಲಿಂದ ಅಕ್ಕನ ಅತ್ತೆ, ಯಾರ ಮಾತೂ ಸರಿಯಾಗಿ ಕೇಳಿಸಿಕೊಳ್ಳದೆ, ತಮ್ಮದೇ ಚಿಂತೆಯಲ್ಲಿ ಕೇಳಿದರು: “ಇಟ್ಟಿಗೆ ಇಟ್ಟಿಲ್ವಲ್ರೇ, ಇಲ್ಲಿ ಇಲಿ ಬರೋಲ್ವಾ?”

ಮೊದಲು ಮಡಕೆಯವರು ನಕ್ಕರು. ಭಾವ ನಕ್ಕ, ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಅಷ್ಟರಲ್ಲಿ ಎಲ್ಲರ ನಗುವನ್ನೂ ಅದುಮಿಕೊಂಡು, ಹಳೆಯ ಗಡಗಡೆ ಬಾವಿಯಿಂದ ತುಂಬಿದ ಕೊಡ ಎಳೆದಂಥ ಒಂದು ಸದ್ದು ಎದ್ದಿತು. ಆವಿಗೆ ಬಿರಿಯಿತೇನೋ ಎಂದು ಇಬ್ಬರು ಓಡಿದರು. ಬಿಳಿಗಿರಯ್ಯನವರು ಚಪ್ಪರದ ಕಂಬಕ್ಕೆ ಒರಗಿಸಿದ್ದ ತಮ್ಮ ಬಾಗಿಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಬಿದ್ದುಹೋಗದ ಹಾಗೆ ಹಿಡಿದುಕೊಂಡು, ನಗುತ್ತಿದ್ದರು. ಎಲ್ಲರೂ ನಕ್ಕು ಮುಗಿಸಿ ಉಸಲಿಗೆ ಕೈಹಾಕಿದ ಮೇಲೂ ಅದು ನಿಲ್ಲಲಿಲ್ಲ. ಆ ನಗುವನ್ನು ನಾನು ಇವತ್ತಿಗೂ ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಗಂಟಲಿಗೆ ಹತ್ತಿಲ್ಲ.